ತೂಬಿನ ಕಲ್ಲು ನೂರಾ ಹದಿನೇಳು

ಕೊಡದ ನೀರು ಅರ್ಧ ಕಲ್ಲಿನ ಮೇಲೆ ಬಿತ್ತು, ಅರ್ಧ ಅವನ ಮೇಲೆ.

ಬುಕ್ಕಸಾಗರದ ಹಳೇ ಕಾಲುವೆಯ ದಂಡೆ. ತೂಬಿನ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಂಪು ಅಂಕಿ ಬರೆಯುತ್ತಿದ್ದವನು ಮುಖ ಒರೆಸಿಕೊಂಡು ತಿರುಗಿದ. ಎದುರಿಗೆ ಖಾಲಿ ಕೊಡ ಹಿಡಿದ ತ್ರಿವೇಣಿ.

"ನಮ್ಮ ತೂಬಿನ ಮ್ಯಾಲೆ ಬರಿಯಾಕ ನೀವ್ಯಾರ್ರಿ?"

"ಹೊನ್ನೂರುಸ್ವಾಮಿ ಅಂತ್ರಿ, ಚೋರನೂರಿನವ. ಹಂಪಿ ಪರಂಪರೆ ಆಫೀಸಿಗೆ ಹಳೇ ತೂಬು ಎಲ್ಲಾ ಪಟ್ಟಿ ಮಾಡಾಕತ್ತೀವಿ, ಅಷ್ಟ."

ಪಟ್ಟಿ... ಆ ಮಾತಿಗೇ ಅವಳ ಎದೆ ಕಲ್ಲಾಯಿತು. ಹಂಪಿಯಲ್ಲಿ ಸೋದರತ್ತೆ ಜಂಬಕ್ಕನ ಚಹಾದಂಗಡಿಗೂ ಹೀಗೇ ಕೆಂಪು ಅಂಕಿ ಬಿದ್ದಿತ್ತು. ಬರೀ ಪಟ್ಟಿ, ಅಂಜಬೇಡಿ ಎಂದಿದ್ದರು. ತಿಂಗಳೊಳಗೆ ಅಲ್ಲಿ ಅಂಗಡಿಯಿರಲಿಲ್ಲ, ಬೇಲಿಯಿತ್ತು.

'ಈ ತೂಬಿಗೂ ಬೇಲಿ ಬಿದ್ದರೆ ಅಪ್ಪ ಬಿಟ್ಟುಹೋದ ಎರಡೆಕರೆ ಗದ್ದೆಗೆ ನೀರೆಲ್ಲಿಯದು?'

ಮರುದಿನ ಅಂಕಿ ಮತ್ತೆ ಮೂಡಿತ್ತು. ಅವಳು ತೊಳೆದಳು. ಅವನು ಬರೆದ, ಅವಳು ತೊಳೆದಳು. ಅವನು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಕೊಡ ಎತ್ತಿದಳು.

ಇವನು ಉತ್ತರ ಮ್ಯಾಸೆಡೋನಿಯಾ ಎಂಬ ದೇಶದಲ್ಲಿ, ಓಹ್ರಿಡ್ ಎಂಬ ಸರೋವರದ ದಂಡೆಯಲ್ಲಿ ಆರು ತಿಂಗಳು ಕಲಿತು ಬಂದವನಂತೆ. ಅಲ್ಲಿ ನೀರೂ, ದಂಡೆಯ ಹಳೇ ಊರೂ ಕೂಡಿಯೇ ಪರಂಪರೆಯ ತಾಣವಂತೆ. ಕಾಲುವೆಯ ಸರದಿ ನೋಡುವ ನೀರಗಂಟಿ ಮರಿಸ್ವಾಮಿ ಹೇಳಿದ್ದನ್ನು ಅವಳು ಹಲ್ಲು ಕಚ್ಚಿ ಕೇಳಿಸಿಕೊಂಡಳು.

ನಾಲ್ಕನೆಯ ದಿನವೂ ತೊಳೆದು, ಮುಖದ ಮೇಲೇ ಅಂದಳು:

"ಫಾರಿನ್ ಕೆರಿ ನೋಡಿ ಬಂದ ಕಣ್ಣಿಗೆ ನಮ್ಮ ಕಾಲುವಿ ಗಟಾರ ಕಾಣ್ತೈತೇನೋ."

ಅವನು ಕೆಂಪು ಮಣ್ಣಿನ ಡಬ್ಬಿಯ ಮುಚ್ಚಳ ಹಾಕಿದ. ಇನ್ನು ಬರೆಯುವುದಿಲ್ಲ, ಸೋಮವಾರ ಪಟ್ಟಿ ಹೋಗುತ್ತದೆ, ಅದರಲ್ಲಿ ನಿಮ್ಮ ತೂಬು ಇರುವುದಿಲ್ಲ ಎಂದು ಹೇಳಿ ಬೈಕ್ ಹತ್ತಿದ.

ಗೆದ್ದೆ ಅಂದುಕೊಂಡಳು. ಆದರೆ ಗೆದ್ದವಳಿಗೆ ಆ ರಾತ್ರಿ ಊಟ ಯಾಕೆ ಸೇರಲಿಲ್ಲ?

ಸೋಮವಾರ ಬೆಳಿಗ್ಗೆ ಮರಿಸ್ವಾಮಿ ಏದುಸಿರು ಬಿಡುತ್ತ ಬಂದ.

"ಎಂಥಾ ಕೆಲಸ ಮಾಡಿದೆವ್ವ... ಪಟ್ಟಿಯಾಗಿದ್ದ ತೂಬು ರೈತರಿಗೇ ಬಿಡ್ತಾರಂತ. ಇಲ್ಲದ್ದನ್ನ ಯಾರೂ ಬಳಸಂಗಿಲ್ಲಂತ ಮುಚ್ಚಿ ಬೇಲಿ ಹಾಕ್ತಾರಂತ."

ತ್ರಿವೇಣಿ ಮನೆಯೊಳಗೆ ಓಡಿದಳು. ಅವ್ವ ನೀಲಗಂಗಮ್ಮ ಕಟ್ಟೆ ಸಾರಿಸಲು ಇಟ್ಟಿದ್ದ ಕೆಮ್ಮಣ್ಣು ಕಲಸಿಕೊಂಡು ಕಾಲುವೆಗೆ ಬಂದಳು. ಅಂಕಿ ಯಾರನ್ನೂ ಕೇಳಬೇಕಾಗಿರಲಿಲ್ಲ. ನಾಲ್ಕು ಸಲ ಸಿಟ್ಟಿನಿಂದ ತೊಳೆದದ್ದು, ಜಪಮಾಡಿದಂತೆ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಬೆರಳಲ್ಲೇ ಬರೆದಳು. ನೂರಾ ಹದಿನೇಳು.

ಹಿಂದೆ ಬೈಕ್ ನಿಂತ ಸದ್ದು.

"ಏಳು ಸೊಟ್ಟಾತಲ್ರಿ," ಅಂದ ಹೊನ್ನೂರುಸ್ವಾಮಿ.

"ಬರಿಯಂಗಿಲ್ಲ ಅಂದು ಯಾಕ ಬಂದ್ರಿ?"

"ಕೊನೀ ಸಲ ಕೇಳಿ ನೋಡಾನು ಅಂತ."

ಅವನು ಕ್ಯಾಮೆರಾ ತೆಗೆದು, ಕಲ್ಲಿನ ಪಕ್ಕ ನಿಲ್ಲಲು ಕೈ ತೋರಿಸಿದ. ಅವಳು ಹಿಂಜರಿದಳು. ಓಹ್ರಿಡ್‌ನಲ್ಲಿ ಚರ್ಚಿನ ಗೋಡೆಯ ಪಕ್ಕದಲ್ಲೇ ಮನೆಗಳಿದ್ದವು, ಮಾಡಿಗೆ ಕೆಂಪು ಮೆಣಸಿನಕಾಯಿ ಸರ ತೂಗುತ್ತಿದ್ದವು ಎಂದ. ಚರ್ಚಿನ ಫೋಟೋ ತೆಗೆಯುವಾಗ ಅಲ್ಲಿಯ ಮುದುಕಿಯೊಬ್ಬಳು ಅಡ್ಡ ನಿಂತಿದ್ದಳಂತೆ. ನೀ ಗೋಡೆ ಬರಕೊಂಡಿ, ಸರೋವರದ ಮೀನು ಬರಕೊಂಡಿ, ನನ್ನನ್ನು ಯಾರು ಬರಕೊಳ್ಳಬೇಕು ಎಂದು ಕೇಳಿದ್ದಳಂತೆ.

"ಬರೇ ಕಲ್ಲಿದ್ರ ಹಳೇದು ಅಂತಾರ್ರಿ. ನೀರು ತಿರುಗಸೋರು ನಿಂತ್ರ ಜೀವಂತ ಐತಿ ಅಂತಾರ. ನಿಂದರ್ರಿ."

ನಿಂತಳು. ಕಣ್ಣು ತುಂಬಿದ್ದವು. ಫೋಟೋ ಆಯಿತು, ಅವಳ ಕಣ್ಣೆದುರಿಗೇ ಪಟ್ಟಿಗೆ ಸೇರಿತು.

"ಎಣ್ಣಿ ಬಣ್ಣ ಬಳದಿದ್ರ ನಾ ತೊಳದ್ರೂ ಹೋಗ್ತಿದ್ದಿಲ್ಲ," ಅಂದಳು ಮೆಲ್ಲಗೆ.

"ಕಲ್ಲಿಗೆ ನೋವಾಗಬಾರದು ಅಂತ ಮಣ್ಣು ಹಚ್ಚಿದೆ... ಅದು ಮೊದಲ್ನೇ ದಿನ."

"ಆಮ್ಯಾಲೆ?"

"ಆಮ್ಯಾಲೆ... ಅಂಕಿ ಅಳಿಸಿ ಹೋಗಂಗಿಲ್ಲಂದ್ರ ನೀವು ತೊಳಿಯಾಕ ಬರಂಗಿಲ್ಲಲ್ರಿ."

ತೂಬಿನಿಂದ ನೀರು ಗದ್ದೆಗೆ ಇಳಿಯುತ್ತಿತ್ತು. ತ್ರಿವೇಣಿ ತಲೆ ತಗ್ಗಿಸಿ ಬೆರಳ ಕೆಮ್ಮಣ್ಣು ತೊಳೆದುಕೊಂಡಳು.

"ಪಟ್ಟಿ ಮುಗೀತಲ್ರಿ. ನಾಳೆ ನಿಮಗ ಇಲ್ಲೇನೂ ಕೆಲಸ ಇಲ್ಲ."

"ಇಲ್ರಿ. ನಾಳೆ ಕೆಲಸ ಇಲ್ದ ಬರ್ತೀನಿ."

"ಬರ್ರಿ," ಅಂದಳು. "ಕೊಡ ತುಂಬಿಸಿಟ್ಟಿರ್ತೀನಿ."