ಶರ್ಟಿನ ಎರಡನೇ ಗುಂಡಿ

ಅತಿಥಿ ಮತ್ತೆ ದುಭಾಷಿ ಹುಡುಗಿಯನ್ನೇ ನೋಡಿದ. ಪುಟ್ಟುವಿನ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು.

ಸೋದರತ್ತೆಯ ಕುರ್ಚಿ ಕಾರ್ಖಾನೆಯಲ್ಲಿ ಡಿಸೈನ್ ಮಾಡುವವನು ಪುಟ್ಟು. ಬೆಳಿಗ್ಗೆಯಿಂದ ಒಂದೊಂದೇ ಕುರ್ಚಿಯಲ್ಲಿ ಕೂತು, ಎದ್ದು, ಅದರ ಬೆನ್ನು ಎಷ್ಟು ವಾಲುತ್ತದೆಂದು ತೋರಿಸಿ ಬೆವರು ಸುರಿಸುತ್ತಿದ್ದವನೂ ಅವನೇ. ಆದರೆ ಪರದೇಶದಿಂದ ಕೊಳ್ಳಲು ಬಂದ ಆ ಮಹಾಶಯ ಪ್ರಶ್ನೆ ಕೇಳುವುದು ದುಭಾಷಿಯ ಮುಖ ನೋಡಿ, ಉತ್ತರ ಕೇಳುವುದೂ ಅವಳ ಮುಖ ನೋಡಿ!

ಅವಳೂ ಅಷ್ಟೇ. ಅತಿಥಿಯತ್ತ ಕಣ್ಣರಳಿಸಿ ಮಾತಾಡುವಳು. ಪುಟ್ಟುವಿನ ಕಡೆ ತಿರುಗಿದರೆ ಮಾತ್ರ ಆ ಕಣ್ಣು ಸರ್ರನೆ ಜಾರಿ ಅವನ ಶರ್ಟಿನ ಎರಡನೇ ಗುಂಡಿಯ ಮೇಲೆ ಕೂರುತ್ತಿತ್ತು. ಅವಳು ಕೆಲಸಕ್ಕೆ ಸೇರಿ ಒಂದು ತಿಂಗಳಾಯಿತು, ಒಂದು ದಿನವಾದರೂ ಆ ಕಣ್ಣು ಗುಂಡಿಯಿಂದ ಮೇಲೆ ಹತ್ತಿರಲಿಲ್ಲ. ಅವಳಿಗಾಗಿ ಹೇರ್‌ಕಟ್ ಮಾಡಿಸಿದ್ದು ದಂಡ. ಗುಂಡಿಯಾಗಿ ಹುಟ್ಟಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಅತಿಥಿ ಮೆಲ್ಲಗೆ ಏನೋ ಹೇಳಿದ. ಅವಳ ಕಿವಿಯ ತುದಿಯವರೆಗೂ ಕೆಂಪು!

"ಏನಂದ್ರು?" ಪುಟ್ಟು ಕೇಳಿದ.

"ಏನಿಲ್ಲ... ಕುರ್ಚಿ ಚೆನ್ನಾಗಿದೆಯಂತೆ."

"ಕುರ್ಚಿ ಚೆನ್ನಾಗಿದ್ರೆ ನಿಮಗ್ಯಾಕ್ರೀ ನಾಚಿಕೆ?"

ಅವಳು ಗುಂಡಿ ನೋಡಿದಳು. ಪುಟ್ಟುವಿನ ತಾಳ್ಮೆಯ ದಾರ ಪಟ್ಟನೆ ಹರಿಯಿತು.

"ನನ್ನ ಮುಖ ನೋಡಿ ಮಾತಾಡೋಕಾಗದಿರೋರ ಜೊತೆ ನನಗೆ ವ್ಯಾಪಾರ ಬೇಡ. ಹೇಳಿ ಅವರಿಗೆ!"

"ಪುಟ್ಟೂ! ತಲೆಗಿಲೆ ಕೆಟ್ಟಿದೆಯೇನೋ?" ಅತ್ತೆಯ ಕೈಯಲ್ಲಿದ್ದ ಕಾಫಿ ಚೆಲ್ಲಿತು. "ಈ ಆರ್ಡರ್ ಹೋದ್ರೆ ಹೊಸ ಶೆಡ್‌ಗೆ ಬೀಗ ಹಾಕ್ಬೇಕು, ಗೊತ್ತಲ್ಲ?"

ಅವನ ಮಾತನ್ನು ಅವಳು ಅನುವಾದಿಸಲಿಲ್ಲ. ಅತಿಥಿಗೆ ನಗುತ್ತಾ ಏನೋ ಹೇಳಿ ಎದ್ದಳು.

"ಎರಡು ನಿಮಿಷ ಹೊರಗೆ ಬನ್ನಿ."

ಹೊರಗೆ ಹಲಗೆಗಳ ರಾಶಿಯ ಪಕ್ಕ ನಿಂತು ಅವಳು ಗುಂಡಿಗೇ ಬೈದಳು. "ನಾನು ಬೆಳೆದಿದ್ದು ಅವರ ದೇಶದಲ್ಲೇ, ಅಪ್ಪನಿಗೆ ಅಲ್ಲೇ ಕೆಲಸ ಇತ್ತು. ಅಲ್ಲಿ ಗೌರವ ಕೊಡಬೇಕಾದೋರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋದು ಉದ್ಧಟತನ. ಅದಕ್ಕೇ ಮಧ್ಯೆ ಇರೋ ದುಭಾಷಿ ಮುಖ ನೋಡ್ತಾರೆ, ದುಭಾಷಿ ಅವರ ಮುಖ ನೋಡ್ಬೇಕು. ಅವರು ನಿಮಗೆ ಕೊಡ್ತಿರೋದು ಮರ್ಯಾದೆ ಕಣ್ರೀ!"

"ಅಂದ್ರೆ ನಾನು ಇಷ್ಟೊತ್ತು ಅವರನ್ನ ದುರುಗುಟ್ಟಿ ನೋಡಿದ್ದು?"

"ಕೆನ್ನೆಗೆ ಹೊಡೆದ ಹಾಗೆ. ಆದ್ರೂ ಎದ್ದು ಹೋಗಿಲ್ಲ ನೋಡಿ. ನಿಮ್ಮ ಕುರ್ಚಿ ಅಷ್ಟು ಚೆನ್ನಾಗಿದೆ."

ಪುಟ್ಟು ಒಳಗೆ ಬಂದ. ತಲೆ ತಾನಾಗಿಯೇ ಬಗ್ಗಿತು, ನಾಚಿಕೆಯಿಂದ. "ತಪ್ಪಾಯ್ತು ಅಂತ ಹೇಳಿ," ಎಂದು ನೆಲಕ್ಕೆ ಹೇಳಿದ. ಅತಿಥಿ ಎದ್ದು ನಿಂತ. ಅವನೂ ನೆಲ ನೋಡುತ್ತಾ, ಎದೆಯ ಮೇಲೆ ಕೈಯಿಟ್ಟು, ಒಂದೇ ಮಾತು ಹೇಳಿದ.

"ಈಗ ಮಾತುಕತೆ ಶುರುವಾಯ್ತು ಅಂತಿದ್ದಾರೆ," ಎಂದಳು ಅವಳು. ಧ್ವನಿಯಲ್ಲಿ ನಗು.

ಸಂಜೆಯೊಳಗೆ ಆರ್ಡರ್ ಕುದುರಿತು. ಅತಿಥಿಯ ಕಾರು ಗೇಟು ದಾಟಿದ್ದೇ ತಡ, ಪುಟ್ಟು ಅವಳ ದಾರಿಗೆ ಅಡ್ಡ ನಿಂತ. ಕೆಂಡ ಇನ್ನೂ ಪೂರ್ತಿ ಆರಿರಲಿಲ್ಲ.

"ಅವರು ನಿಜವಾಗ್ಲೂ ಏನಂದಿದ್ರು? ನಿಮ್ಮ ಕಿವಿ ಕೆಂಪಾಯ್ತಲ್ಲ, ಆಗ?"

ಅವಳು ಗುಂಡಿಯನ್ನೇ ನೋಡುತ್ತಾ ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು.

"'ಈ ಹುಡುಗನ ಮುಖಾನ ನೀವು ಒಂದ್ಸಲಾನೂ ನೋಡಲಿಲ್ಲ. ನಮ್ಮೂರಲ್ಲಿ ಇಷ್ಟು ಗೌರವ ಗಂಡನಾಗೋನಿಗೆ ಮಾತ್ರ ಕೊಡ್ತಾರೆ' ಅಂದ್ರು."

ನಂತರ ಆ ಕಣ್ಣುಗಳು ನಿಧಾನವಾಗಿ ಎದ್ದವು. ಎರಡನೇ ಗುಂಡಿ, ಮೊದಲನೇ ಗುಂಡಿ, ಗಂಟಲು, ಗಲ್ಲ... ಕೊನೆಗೆ ನೆಟ್ಟಗೆ ಅವನ ಕಣ್ಣಿಗೆ.

ಪುಟ್ಟು ಗಡಬಡಿಸಿ ನೆಲ ನೋಡಿದ.

"ಏನ್ರೀ, ಗೌರವಾನಾ?"

"ಅಲ್ಲ... ಭಯ."

ಕಿಟಕಿಯಿಂದ ಅತ್ತೆಯ ಧ್ವನಿ ಬಂತು. "ನಿನ್ನ ಮಾವನ ಮುಖ ನಾನು ನೆಟ್ಟಗೆ ನೋಡಿದ್ದೂ ಮದುವೆ ಆದ್ಮೇಲೇನೇ ಕಣೋ! ಇದನ್ನ ಕಲಿಸೋಕೆ ಪರದೇಶದೋರು ಬರ್ಬೇಕಾಯ್ತಾ?"