ಸದ್ದು ನಿಂತ ಕಾರು

"ಟಕ್ ಟಕ್ ಅನ್ನಲ್ಲ ಆಂಟಿ. ಲೊಟಕ್! ಲೊಟಕ್! ಹಿಂಗೆ ಅನ್ನುತ್ತೆ."

ಕವನಾ ಅಂಗಡಿಯ ಗಾಜಿನ ಕೌಂಟರಿಗೆ ಗದ್ದ ಊರಿ, ನಾಲಗೆಯನ್ನು ಅಂಗುಳಕ್ಕೆ ಬಡಿದು ಬಡಿದು ತೋರಿಸಿದಳು. ಹಿಂದೆ ನಿಂತಿದ್ದ ಅಪ್ಪ ಹೂವಪ್ಪನಿಗೆ ನಾಚಿಕೆಯಾಗಿ ಆಚೀಚೆ ನೋಡಿದ.

ಅದು ಸಾಗರದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ. ಮಾಲೀಕರು ಯಮುನಮ್ಮ. ಕಾರನ್ನು ನೋಡದೆಯೇ ಅದರ ಕಾಯಿಲೆ ಹೇಳುವವರು ಅಂತ ಅವರಿಗೆ ಊರಲ್ಲೆಲ್ಲ ಹೆಸರು. ಅವರು ಕನ್ನಡಕ ಏರಿಸಿ ಕವನಾಳನ್ನು ನೋಡಿದರು.

"ತಿರುವಲ್ಲೋ, ಗುಂಡಿಯಲ್ಲೋ?"

"ಗುಂಡಿಯಲ್ಲಿ. ಒಂದು ಗುಂಡಿನೂ ಬಿಡಲ್ಲ. ತಿರುವಲ್ಲಿ ದೋಣಿ ಥರ ವಾಲುತ್ತೆ."

"ಲಿಂಕ್ ರಾಡ್ ಹೋಗಿದೆ," ಎಂದರು ಯಮುನಮ್ಮ. ಒಳಗೆ ಹೋಗಿ ಎರಡು ಡಬ್ಬಿ ತಂದು ಇಟ್ಟರು. ಡಬ್ಬಿಯೊಳಗೆ ಗೇಣುದ್ದದ ಕಬ್ಬಿಣದ ಕೋಲು, ಅದರ ಎರಡು ತುದಿಗೂ ಒಂದೊಂದು ಗುಂಡು.

"ನೋಡು ಪುಟ್ಟಿ. ಮುಂದಿನ ಎರಡು ಚಕ್ರದ ಮಧ್ಯೆ ಅಡ್ಡ ಒಂದು ಸರಳು ಇರುತ್ತೆ. ಕಾರು ತಿರುವಲ್ಲಿ ವಾಲದ ಹಾಗೆ ಹಿಡ್ಕೊಳ್ಳೋದು ಅದೇ. ಆ ಸರಳನ್ನ ಚಕ್ರದ ಕಡೆಗೆ ಕಟ್ಟಿ ಹಾಕೋದು ಈ ಲಿಂಕ್ ರಾಡು. ಗುಂಡು ಸವೆದ್ರೆ ಲೊಟಕ್ ಅನ್ನುತ್ತೆ. ನಿಮ್ಮ ಕಾರಲ್ಲಿರೋದು ಸಣ್ಣದು. ಇದು ದಪ್ಪದ್ದು, ಗ್ರೀಸ್ ಹಾಕ್ಲಿಕ್ಕೂ ಜಾಗ ಇದೆ. ಹಳೇ ಕಾರಿಗೆ ಇದೇ ವಾಸಿ."

"ಎಡಗಡೆದು ಒಂದೇ ಸಾಕು ಅನ್ಸುತ್ತೆ," ಎಂದ ಹೂವಪ್ಪ.

"ಒಂದು ಕಾಲಿಗೆ ಹೊಸ ಚಪ್ಲಿ, ಇನ್ನೊಂದು ಕಾಲಿಗೆ ಹಳೇದು ಹಾಕ್ತೀರಾ? ಜೋಡಿ ಹಾಕ್ಬೇಕು. ಹಾಕೋವಾಗ ಎರಡೂ ಚಕ್ರ ಮೇಲೆತ್ತಿ. ಒಂದೇ ಎತ್ತಿದ್ರೆ ಗುದ್ದಾಡ್ಬೇಕಾಗುತ್ತೆ."

ಹೂವಪ್ಪ ಹೂಂ ಎಂದ. ಅವನಿಗೆ ಅದು ಕೇಳಿಸಿತೋ ಇಲ್ಲವೋ. ಅವನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಅಜ್ಜಿಯನ್ನು ಮೆಷಿನ್ನಿನಿಂದ ಬಿಡಿಸಲು ಇನ್ನು ಅರ್ಧ ಗಂಟೆ.

ಕವನಾಳ ಅಜ್ಜಿ ಜಲಜಮ್ಮನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಒಂದು ವರ್ಷದ ಮೇಲಾಗಿತ್ತು. ಪ್ರತಿ ಮಂಗಳವಾರ, ಪ್ರತಿ ಶನಿವಾರ ಹೊಸನಗರದ ಹತ್ತಿರದ ಹಳ್ಳಿಯಿಂದ ಸಾಗರದ ಆಸ್ಪತ್ರೆಗೆ ಬರಬೇಕು. ನಾಲ್ಕು ಗಂಟೆ ಮಲಗಬೇಕು. ಮೆಷಿನ್ನು ರಕ್ತ ತೊಳೆದು ವಾಪಸು ಕೊಡುತ್ತದೆ. ಅದಕ್ಕೆ ಡಯಾಲಿಸಿಸ್ ಎನ್ನುತ್ತಾರೆ. ದಸರಾ ರಜೆ ಬಂದಾಗಿನಿಂದ ಕವನಾ ಪ್ರತಿ ಸಲವೂ ಜೊತೆಗೆ ಬರುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅಜ್ಜಿ, ಅಜ್ಜಿಯ ಪಕ್ಕ ಅವಳು.

ಕಾರು ಕವನಾಳಿಗಿಂತ ಎಂಟು ವರ್ಷ ದೊಡ್ಡದು. ಆ ವರ್ಷ ಮಳೆಗಾಲ ಮುಗಿದಿತ್ತು, ಜೊತೆಗೆ ರಸ್ತೆಯೂ ಮುಗಿದಿತ್ತು. ಇದ್ದದ್ದೆಲ್ಲ ಗುಂಡಿ, ಗುಂಡಿಯ ನಡುವೆ ಅಲ್ಲಲ್ಲಿ ಟಾರು.

ಹೋದ ಮಂಗಳವಾರ ಮನೆಗೆ ಬಂದು ಇಳಿದ ಅಜ್ಜಿ ಜಗಲಿಯ ಮೆಟ್ಟಿಲಲ್ಲೇ ಕೂತುಬಿಟ್ಟಿದ್ದಳು. "ಹೂವಾ, ನಂಗೆ ಸಾಕು ಮಾರಾಯ. ಇನ್ನು ನಾನು ಬರದಿಲ್ಲ," ಎಂದಿದ್ದಳು.

ಸಿಟ್ಟು ಮಾಡಿ ಹೇಳಿದ್ದಲ್ಲ. ಊಟ ಸಾಕು ಅನ್ನುವ ಹಾಗೆ ಹೇಳಿದ್ದಳು. ಅದಕ್ಕೇ ಕವನಾಳಿಗೆ ಭಯವಾಯಿತು.

ಆಮೇಲೆ ಅಡಿಗೆಮನೆಯಲ್ಲಿ ಅಮ್ಮ ಮಂಜುಶ್ರೀ ಅಪ್ಪನಿಗೆ ಮೆಲ್ಲಗೆ ಹೇಳುತ್ತಿದ್ದದ್ದು ಅವಳ ಕಿವಿಗೆ ಬಿತ್ತು. "ಬಿಟ್ರೆ ಜಾಸ್ತಿ ದಿನ ಇಲ್ಲ ಅಂದಿದಾರಲ್ಲ ಡಾಕ್ಟ್ರು. ಹತ್ತೋ ಹದಿನೈದೋ ದಿನ ಅಷ್ಟೆ. ಹೆಂಗಾದ್ರೂ ಒಪ್ಸಿ." ಹತ್ತು ಹದಿನೈದು ದಿನ ಎಂದರೆ ದಸರಾ ರಜೆಯಷ್ಟು. ಆ ರಾತ್ರಿ ಕವನಾ ಊಟ ಬಿಟ್ಟಳು.

ಮಾರನೆಯ ದಿನ ಅವಳಿಗೆ ಕಾರಣ ಹೊಳೆಯಿತು. ಇದೆಲ್ಲ ಕಾರಿನದೇ ತಪ್ಪು! ಗುಂಡಿ ಬಂದಾಗೆಲ್ಲ ಅಜ್ಜಿ ಅವಳ ಕೈಯನ್ನು ಬೆರಳು ಕೆಂಪಾಗುವಷ್ಟು ಹಿಂಡುತ್ತಿದ್ದಳಲ್ಲ? ಆ ಲೊಟಕ್ ಸದ್ದಿಗೆ, ಆ ಕುಲುಕಾಟಕ್ಕೆ ಯಾರಿಗೆ ತಾನೇ ಬೇಸರ ಬರುವುದಿಲ್ಲ? ಕಾರು ಸರಿಯಾದರೆ ಅಜ್ಜಿ ಬಂದೇ ಬರುತ್ತಾಳೆ. ಅಂದಿನಿಂದ ಅವಳು ಅಪ್ಪನ ಬೆನ್ನು ಬಿದ್ದಳು. ಶನಿವಾರ ಹೇಗೋ ಅಜ್ಜಿಯನ್ನು ಒಪ್ಪಿಸಿ ಸಾಗರಕ್ಕೆ ತಂದಾಗ, ಅಪ್ಪನನ್ನು ಈ ಅಂಗಡಿಗೆ ಎಳೆತಂದವಳೂ ಅವಳೇ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು.

ಹೂವಪ್ಪ ಪಂಪ್‌ಸೆಟ್ ರಿಪೇರಿ ಮಾಡುವವನು. ಮೋಟರು ಬಿಚ್ಚುವವನಿಗೆ ಕಾರು ಯಾವ ಲೆಕ್ಕ ಎಂಬ ಧೈರ್ಯ ಅವನಿಗೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ಎಡಗಡೆಯ ಮುಂದಿನ ಚಕ್ರ ಜಾಕಿನಿಂದ ಎತ್ತಿದ. ಜಾಕು ಜಾರಿದರೆ ಎಂದು ಕೆಳಗೆ ದಪ್ಪದೊಂದು ಹಲಸಿನ ದಿಮ್ಮಿ ಇಟ್ಟ. ಆಯುಧಪೂಜೆಯ ದಿನ ಕಟ್ಟಿದ ಚೆಂಡುಹೂವಿನ ಹಾರ ಇನ್ನೂ ಬಂಪರಿನಲ್ಲಿ ಬಾಡಿ ಜೋತಾಡುತ್ತಿತ್ತು.

ಹಳೆಯ ನಟ್ಟು ತುಕ್ಕು ಹಿಡಿದಿತ್ತು. ಕವನಾ ಅದಕ್ಕೆ ಸೀಮೆಎಣ್ಣೆ ಬಿಟ್ಟಳು, ಬ್ರಶ್ಶಿನಿಂದ ಉಜ್ಜಿದಳು, ಅಪ್ಪ ಕೇಳಿದ ಸ್ಪ್ಯಾನರ್ ಕೊಟ್ಟಳು. ಒಂದು ಗಂಟೆ ಒದ್ದಾಡಿದ ಮೇಲೆ ಹಳೆಯ ರಾಡು ಕೈಗೆ ಬಂತು. ಅಲ್ಲಾಡಿಸಿದರೆ ಲೊಟಲೊಟ ಎಂದಿತು.

"ಇದೇ ಅಪ್ಪಾ! ಇದೇ ಸದ್ದು!"

ಜಗಲಿಯಲ್ಲಿ ಕೂತಿದ್ದ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದಳು. "ಎಂತಕ್ಕೋ ಹೂವಾ ಅದನ್ನ ಬಿಚ್ಚದು? ಇಷ್ಟು ದಿನ ನಡೀಲಿಲ್ವಾ? ಸದ್ದು ಇದ್ರೆ ಇರ್ಲಿ ಬಿಡು. ನಂಗೇನೂ ತೊಂದ್ರೆ ಇಲ್ಲ."

"ನೀನು ಸುಮ್ನಿರಜ್ಜಿ," ಎಂದಳು ಕವನಾ. ನಮಗೆ ಕಷ್ಟ ಆಗುತ್ತದೆ ಅಂತ ಅಜ್ಜಿ ಹಾಗೆ ಹೇಳುವುದು ಎಂದುಕೊಂಡಳು. "ಸದ್ದು ನಿಂತ್ರೆ ನೀನು ಮಂಗಳವಾರ ಬರ್ತೀಯಲ್ಲ? ಆಮೇಲೂ ಬರ್ತೀಯಲ್ಲ?"

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಮಂಗಳವಾರ ಬರ್ತೀನಿ. ನಿನ್ನ ಕೆಲಸ ಹೆಂಗಾಗಿದೆ ಅಂತ ನೋಡಾಕೆ. ಆಮೇಲಿಂದು ಆಮೇಲೆ."

ಹೊಸ ರಾಡು ಹಾಕುವಾಗ ಶುರುವಾಯಿತು ಗುದ್ದಾಟ. ಮೇಲಿನ ತುದಿ ಕೂತರೆ ಕೆಳಗಿನದು ಕೂರದು. ಕೆಳಗಿನದು ಕೂತರೆ ಮೇಲಿನದು ಬೆರಳಷ್ಟು ದೂರ. ಹೂವಪ್ಪ ಎಳೆದ, ತಳ್ಳಿದ, ಹಾರೆ ಹಾಕಿ ಮೀಟಿದ. ಮುಖ ಕೆಂಪಾಯಿತು. ಕೊನೆಗೆ ಸ್ಪ್ಯಾನರನ್ನು ಎಸೆದು ಅಂಗಳದಲ್ಲೇ ಕೂತ.

"ಆಗಲ್ಲ ಮಗಾ. ಅಂಗಡಿಯೋರು ಬೇರೆ ಸೈಜ್ ಕೊಟ್ಟಿದಾರೆ. ಹಳೇದೇ ಹಾಕ್ತೀನಿ."

ಕವನಾಳಿಗೆ ಅಳು ಬಂತು. ಕಾರಿನ ಕೆಳಗೆ ಬಗ್ಗಿ ನೋಡಿದಳು. ಎಡಗಡೆಯ ಚಕ್ರ ಗಾಳಿಯಲ್ಲಿ ತೂಗುತ್ತಿತ್ತು, ಬಲಗಡೆಯದು ನೆಲದಲ್ಲಿತ್ತು. ನಡುವಿನ ಸರಳು ಎರಡರ ಮಧ್ಯೆ ತಿರುಚಿಕೊಂಡು ನಿಂತಿತ್ತು. ಎತ್ತು ಏರಿಗೆ, ಕೋಣ ನೀರಿಗೆ!

"ಅಪ್ಪಾ, ಆ ಆಂಟಿ ಎರಡೂ ಚಕ್ರ ಎತ್ತಿ ಅಂದಿದ್ರು! ನೀನು ಗಡಿಯಾರ ನೋಡ್ತಿದ್ದೆ!"

ಅಪ್ಪ ಹಣೆ ಚಚ್ಚಿಕೊಂಡ. ಕವನಾ ಪಕ್ಕದ ಮನೆಯ ಕೆರಿಯಮ್ಮನಲ್ಲಿಗೆ ಓಡಿ, ಅವರ ಜೀಪಿನ ಜಾಕನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ತಂದಳು. ಬಲಗಡೆಯ ಚಕ್ರವೂ ಮೇಲೆದ್ದಿತು. ಸರಳು ಸಡಿಲವಾಗಿ ಕೆಳಗಿಳಿಯಿತು. ಬೆಣ್ಣೆಗೆ ಕಡ್ಡಿ ಚುಚ್ಚಿದಷ್ಟು ಸಲೀಸಾಗಿ ಹೊಸ ರಾಡು ಕೂತಿತು. ಮಧ್ಯಾಹ್ನದೊಳಗೆ ಎರಡೂ ಕಡೆ ಮುಗಿಯಿತು. ಗ್ರೀಸು ತುಂಬಿದ್ದು ಕವನಾ. ಅಮ್ಮ ಬೈದರೂ ಆ ಗ್ರೀಸಿನ ಕೈಯಲ್ಲೇ ಅಜ್ಜಿಯ ಕೆನ್ನೆ ಮುಟ್ಟಿ, "ಇನ್ನು ನಿಂಗೆ ಎಂತದೂ ಆಗಲ್ಲ," ಎಂದಳು.

ಮಂಗಳವಾರ ಕಾರು ಹೊರಟಿತು. ಮನೆಯ ದಾರಿಯ ಮೊದಲ ಗುಂಡಿಗೆ ಕವನಾ ಉಸಿರು ಬಿಗಿ ಹಿಡಿದಳು. ಚಕ್ರ ಇಳಿಯಿತು, ಹತ್ತಿತು. ಸದ್ದೇ ಇಲ್ಲ.

"ಅಪ್ಪಾ!"

"ಹೂಂ ಮಗಾ. ಬೆಣ್ಣೆ ಬೆಣ್ಣೆ," ಎಂದ ಅಪ್ಪ. ತುಂಬ ದಿನದ ಮೇಲೆ ಅವನು ನಕ್ಕಿದ್ದ. ಟಾರು ರಸ್ತೆಯ ತಿರುವಿನಲ್ಲೂ ಕಾರು ವಾಲಲಿಲ್ಲ. ಕವನಾಳಿಗೆ ಹಾಡಬೇಕು ಅನ್ನಿಸಿತು. ಆದರೂ ಸುಮ್ಮನೆ ಕೂತಳು. ಆ ಮೌನ ಅವಳೇ ಮಾಡಿದ್ದಲ್ಲವೇ, ಇನ್ನೂ ಸ್ವಲ್ಪ ಕೇಳೋಣ ಅಂತ.

ಬಟ್ಟೆಮಲ್ಲಪ್ಪ ಎಂಬ ಊರು ದಾಟಿದ ಮೇಲೆ ರಸ್ತೆ ಕೆಟ್ಟಿತು. ಒಂದು ದೊಡ್ಡ ಗುಂಡಿ ಬಂತು. ಆಗ ಪಕ್ಕದಲ್ಲೇ ಏನೋ ಕೇಳಿಸಿತು.

"ಅಮ್ಮಾ..."

ಬಹಳ ಸಣ್ಣ ದನಿ. ಹೊಟ್ಟೆಯ ಆಳದಿಂದ ಬಂದ ಹಾಗಿತ್ತು. ಕವನಾ ತಿರುಗಿದಳು. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು. ಮತ್ತೊಂದು ಗುಂಡಿ. ಮತ್ತೆ ಅದೇ ದನಿ, ಅಷ್ಟೇ ಸಣ್ಣದಾಗಿ. ಮೂರನೆಯ ಗುಂಡಿಗೂ ಹಾಗೆಯೇ ಕೇಳಿಸಿತು.

ಅಪ್ಪನಿಗೂ ಅದು ಕೇಳಿಸಿತ್ತು. ಕನ್ನಡಿಯಲ್ಲಿ ಅವನ ನಗು ಅಲ್ಲೇ ನಿಂತುಹೋದದ್ದನ್ನು ಕವನಾ ಕಂಡಳು. ಅವನು ಕಾರನ್ನು ಸೈಕಲ್ಲಿನಷ್ಟು ನಿಧಾನ ಮಾಡಿದ. ಸದ್ದು ಮಾತ್ರ ನಿಂತಿತ್ತು, ಗುಂಡಿ ಇದ್ದಲ್ಲೇ ಇತ್ತು. ಕಿಡ್ನಿ ಕೆಟ್ಟ ಮೇಲೆ ಅಜ್ಜಿಯ ಮೂಳೆಗಳೂ ಸೊರಗಿವೆ, ಸ್ವಲ್ಪ ಅಲುಗಿದರೂ ನೋಯುತ್ತವೆ ಅಂತ ಡಾಕ್ಟರು ಹೇಳಿದ್ದರು. ಕವನಾ ಆ ಮಾತನ್ನು ಕೇಳಿದ್ದಳು. ಆದರೆ ನೋವನ್ನು ಕೇಳಿರಲಿಲ್ಲ.

ಹಾಗಾದರೆ ಇಷ್ಟು ದಿನವೂ ಅಜ್ಜಿ ನರಳುತ್ತಲೇ ಇದ್ದಳು. ಗುಂಡಿ ಬಂದಾಗ ಕಾರು ಲೊಟಕ್ ಎನ್ನುತ್ತಿತ್ತು, ಅದೇ ಹೊತ್ತಿಗೆ ಅಜ್ಜಿಯೂ ಅಮ್ಮಾ ಎನ್ನುತ್ತಿದ್ದಳು. ಮೊಮ್ಮಗಳಿಗೆ, ಮಗನಿಗೆ ಕೇಳಿಸುವುದು ಕಾರು ಮಾತ್ರ. ಅದಕ್ಕೇ ಅವಳು ಸದ್ದು ಇದ್ದರೆ ಇರಲಿ ಬಿಡು ಎಂದದ್ದು. ಸಾಕು ಎಂದದ್ದೂ ಕಾರಿಗಲ್ಲ.

ಕವನಾ ತನ್ನ ಕೈ ನೋಡಿಕೊಂಡಳು. ತಾನೇ ಕೂತು ಗ್ರೀಸು ತುಂಬಿ, ಅಜ್ಜಿಯ ನೋವಿಗೆ ಇದ್ದ ಒಂದೇ ಮರೆಯನ್ನು ಕಿತ್ತುಹಾಕಿದ್ದೆ ಅನ್ನಿಸಿತು. ಇನ್ನು ಯಾವ ಅಂಗಡಿಗೆ ಹೋಗಿ, ನಾಲಗೆ ಬಡಿದು, ಏನು ಕೇಳುವುದು? ಬದಲಾಯಿಸಲು ಇನ್ನು ಯಾವ ಪಾರ್ಟೂ ಉಳಿದಿರಲಿಲ್ಲ.

ಅಜ್ಜಿ ಕಣ್ಣು ತೆರೆದಳು. ಮೊಮ್ಮಗಳು ನೋಡುತ್ತಿದ್ದಾಳೆ ಎಂದು ತಿಳಿದೊಡನೆ ನಗಲು ನೋಡಿದಳು.

"ಭಾರಿ ಲಾಯ್ಕ ಆಗಿದೆ ಮಗಾ ನಿನ್ನ ಕೆಲಸ. ಒಂಚೂರೂ ಸದ್ದಿಲ್ಲ," ಎಂದಳು.

ಮುಂದಿನ ಗುಂಡಿಗೆ ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಹಲ್ಲು ಕಚ್ಚಿದಳು. ದನಿ ಹೊರಗೆ ಬರಲಿಲ್ಲ. ಹಣೆಯಲ್ಲಿ ಬೆವರು ಮಾತ್ರ ಬಂತು. ಕಾರಿನೊಳಗೆ ಅಷ್ಟು ನಿಶ್ಶಬ್ದ. ಕವನಾಳಿಗೆ ಅದನ್ನು ತಡೆಯಲಾಗಲಿಲ್ಲ.

ಅವಳು ಅಜ್ಜಿಯ ಕಡೆಗೆ ಬೆನ್ನು ಮಾಡಿ, ಕಿಟಕಿಗೆ ಮುಖ ಕೊಟ್ಟು ಕೂತಳು. ರಸ್ತೆಯ ಪಕ್ಕ ಒಂದು ಬೋರ್ಡು ಕಂಡಿತು.

"ಇಲ್ಲಿ ಪಂಚರ್ ಹಾಕಲಾಗುವುದು!" ಎಂದು ಗಟ್ಟಿಯಾಗಿ ಓದಿದಳು.

ಅಪ್ಪ ಬೆಚ್ಚಿದ. "ಎಂತ ಮಗಾ?"

"ಎಳನೀರು ಸಿಗುತ್ತದೆ! ಹಾಲು ಉತ್ಪಾದಕರ ಸಹಕಾರ ಸಂಘ! ಇಲ್ಲಿ ಕಸ ಹಾಕಬಾರದು!"

ಕ್ಲಾಸಿನಲ್ಲಿ ಪಾಠ ಓದಲು ಎದ್ದು ನಿಂತರೆ ಅವಳ ದನಿ ಮೂರನೆಯ ಬೆಂಚಿಗೂ ಕೇಳುತ್ತಿರಲಿಲ್ಲ. ಈಗ ಎದುರಿಗೆ ಬಂದ ಬೈಕಿನವನೂ ತಿರುಗಿ ನೋಡಿದ. ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದ, ಅಜ್ಜಿಯನ್ನು ನೋಡಿದ. ಸುಮ್ಮನಿರು ಎನ್ನಲಿಲ್ಲ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಸ್ಟೇರಿಂಗ್ ಹಿಡಿದ.

ಹಿಂದೆ ಬಟ್ಟೆಯ ಸರಬರ ಕೇಳಿಸಿತು. ಅಜ್ಜಿ ಬಾಯಿಂದ ಸೆರಗು ತೆಗೆದಿರಬೇಕು. ಆಮೇಲೆ ಸುಕ್ಕುಗಟ್ಟಿದ ಕೈಯೊಂದು ಬಂದು ಕವನಾಳ ಬೆನ್ನಿನ ಮೇಲೆ ನಿಂತಿತು. ಅವಳು ತಿರುಗಿ ನೋಡಲಿಲ್ಲ.

"ಸಾಗರ ಹದಿನೆಂಟು ಕಿಲೋಮೀಟರ್! ನಿಧಾನವಾಗಿ ಚಲಿಸಿ, ಮುಂದೆ ಶಾಲೆ ಇದೆ!"

ಮುಂದೆ ರಸ್ತೆಯ ಅಗಲಕ್ಕೂ ಕಿತ್ತುಹೋದ ಜಾಗ ಕಾಣುತ್ತಿತ್ತು. ಅಪ್ಪ ಬ್ರೇಕ್ ಒತ್ತಿದ. ಅಲ್ಲಿ ಓದಲು ಒಂದು ಬೋರ್ಡೂ ಇರಲಿಲ್ಲ. ಕವನಾ ಉಸಿರು ತುಂಬಿಕೊಂಡು, ಕಂಡಕಂಡ ಮರಗಳ ಹೆಸರನ್ನೇ ಕೂಗತೊಡಗಿದಳು.