ಅವನು ಚೆಲ್ಲಿದ ನೀರು

ಮುಚ್ಚಳ ತೆಗೆದದ್ದೇ ತಡ, ಟೂವಾ ಮೂಗು ಮುಚ್ಚಿಕೊಂಡಳು.

ಕೊಳೆತ ಎಲೆಕೋಸು, ಒದ್ದೆ ಉಣ್ಣೆ, ಹುಳಿ ಹಿಡಿದ ಬಿಯರ್... ಎಲ್ಲ ಸೇರಿದಂಥ ನಾತ. ತೊಟ್ಟಿಯೊಳಗೆ ನೇರಳೆ ಬಣ್ಣದ ನೀರು. ಅದರಲ್ಲಿ ಬೂಷ್ಟು ಹಿಡಿದ ಮಾಂಸದುಂಡೆಗಳಂಥವು ಲೋಳೆ ಮೆತ್ತಿಕೊಂಡು ಮೆಲ್ಲಗೆ ಹೊರಳುತ್ತಿದ್ದವು.

ಅವಳು ಬಗ್ಗಿದಳು. ಬೆಳಗಿನ ತಿಂಡಿಯಷ್ಟೂ ಎದುರಿಗೆ ನಿಂತವನ ರಬ್ಬರ್ ಬೂಟಿನ ಮೇಲೆ ಬಿತ್ತು.

ಅವನು ಬೂಟನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಉಪ್ಪು ಮೀನು ತಿಂದು ಬಂದಿದ್ದೀಯ. ಇಲ್ಲಿಗೆ ಬರೋ ದಿನ ಒಣ ರೊಟ್ಟಿ ಸಾಕು."

ಟೂವಾ ಬಾಯಿ ಒರೆಸಿಕೊಂಡಳು. ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. "ಅಣಬೆ ಬೆಳೆಸೋ ಹಾಲ್ವರ್ ನೀನೇ ತಾನೆ? ನಾನು ಟೂವಾ, ನಗರಸಭೆಯ ಪರಿಸರ ಕಚೇರಿಯವಳು. ಇನ್ಮೇಲೆ ಪ್ರತಿ ವಾರ ನೀರು ಪರೀಕ್ಷೆ ಮಾಡೋಕೆ ಬರ್ತೀನಿ."

"ಪ್ರತಿ ವಾರಾನಾ? ಹಾಗಾದ್ರೆ ಒಂದು ಬಕೆಟ್ ಇಟ್ಟಿರ್ತೀನಿ."

ಎಂಥ ಒರಟ ಇವನು... ಅವಳು ಹಲ್ಲು ಕಚ್ಚಿ ಶೀಶೆಗೆ ನೀರು ತುಂಬಿಕೊಂಡಳು.

ವಿಸ್ಕಾನ್ ಹೊಳೆಯ ದಂಡೆಯಲ್ಲಿದ್ದ ಆ ಬಣ್ಣದ ಕಾರ್ಖಾನೆಯ ಒಡತಿ ಗುನೆಲ್. ಟೂವಾಳ ಅಜ್ಜಿಯ ಕಾಲದಲ್ಲಿ ಬಟ್ಟೆಗೆ ಯಾವ ಬಣ್ಣ ಹಾಕುತ್ತಿದ್ದರೋ ಹೊಳೆಯೂ ಅದೇ ಬಣ್ಣದಲ್ಲಿ ಹರಿಯುತ್ತಿತ್ತಂತೆ. ಸತ್ತ ಮೀನುಗಳ ಹೊಟ್ಟೆ ಕೂಡ ಕೆಂಪಗಿರುತ್ತಿತ್ತು ಎಂದು ಅಜ್ಜಿ ಹೇಳುವಾಗಲೆಲ್ಲ ಮುಖ ಕಿವುಚುತ್ತಿದ್ದಳು. ಆ ಕಥೆ ಕೇಳಿಯೇ ಬೆಳೆದವಳು ಟೂವಾ. ಹೊಳೆಗೆ ಹೊಲಸು ಬಿಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಗುನೆಲ್ ಕೆಲಸಕ್ಕಿಟ್ಟುಕೊಂಡಿದ್ದ ಹಾಲ್ವರ್ ಕಾಡಿನಲ್ಲಿ ಬಿದ್ದ ಬರ್ಚ್ ಮರದಿಂದ ಒಂದು ಬಗೆಯ ಬಿಳಿ ಅಣಬೆ ತಂದು, ಕಾರ್ಖಾನೆಯ ಹೊಲಸು ನೀರು ಬಂದು ಬೀಳುವ ಆ ತೊಟ್ಟಿಯಲ್ಲಿ ಬೆಳೆಸಿದ್ದ. ಗಟ್ಟಿ ಮರವನ್ನೇ ಕರಗಿಸುವ ಅಣಬೆಗೆ ಬಣ್ಣದ ವಿಷ ಯಾವ ಲೆಕ್ಕ ಎಂಬುದು ಅವನ ನಂಬಿಕೆ.

ವಾರಗಳು ಉರುಳಿದವು. ನಾತ ಅವಳ ಕೂದಲಿಗೂ ಕೋಟಿಗೂ ಹತ್ತಿತು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಕೂರುತ್ತಿದ್ದರು. ಒಂದು ದಿನ ಹಾಲ್ವರ್ ಏಲಕ್ಕಿ ಬನ್ನು ಮುರಿದು ಅರ್ಧ ಅವಳಿಗೆ ಕೊಟ್ಟ. ಅವನ ಉಗುರಿನ ಸಂದಿಯಲ್ಲಿ ಬಿಳಿ ಲೋಳೆ ಇನ್ನೂ ಇತ್ತು.

"ಕೈ ತೊಳೆದ್ಯಾ?"

"ಎರಡು ಸಲ."

ಥೂ... ಎಂದುಕೊಂಡೇ ಅವಳು ತಿಂದಳು. ಯಾಕೆ ತಿಂದೆ ಎಂದು ಸಂಜೆಯವರೆಗೂ ತನ್ನನ್ನೇ ಕೇಳಿಕೊಂಡಳು.

ಮೇ ತಿಂಗಳಲ್ಲಿ ನೇರಳೆ ನೀರು ತಿಳಿಯಾಯಿತು. ಗಾಜಿನಂಥ ತಿಳಿ. ಹೊಳೆಗೆ ಬಿಡಬಹುದು ಎಂದು ಟೂವಾ ಒಪ್ಪಿಗೆ ಬರೆದುಕೊಟ್ಟಳು. ಗುನೆಲ್ ಹಿಗ್ಗಿ ಹೀರೇಕಾಯಿಯಾದಳು. ಅಂಗಳದಲ್ಲಿ ಸಮಾರಂಭ, ಕಾಫಿ, ಕೇಕು, ಪತ್ರಿಕೆಯವರು.

"ಊರಿನ ಪರವಾಗಿ ಟೂವಾನೇ ಮೊದಲು ಕುಡೀಲಿ," ಎಂದು ಗುನೆಲ್ ತೊಟ್ಟಿಯ ನೀರಿನ ಲೋಟವನ್ನು ಅವಳ ಕೈಗಿತ್ತಳು.

ಕ್ಯಾಮೆರಾಗಳು ಮೇಲೆದ್ದವು. ಟೂವಾ ನಗುತ್ತ ಲೋಟವನ್ನು ತುಟಿಯ ಹತ್ತಿರ ತಂದಳು.

ಅಷ್ಟರಲ್ಲಿ ಹಾಲ್ವರ್ ಜನರನ್ನು ತಳ್ಳಿಕೊಂಡು ಓಡಿಬಂದ. ಒಂದೇ ಏಟಿಗೆ ಲೋಟ ಹಾರಿತು. ನೀರೆಲ್ಲ ಅವಳ ಅಂಗಿಯ ಮೇಲೆ.

"ಕುಡೀಬೇಡ."

ಕ್ಯಾಮೆರಾಗಳು ಅವರಿಬ್ಬರತ್ತ ತಿರುಗಿದವು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು.

ಗುನೆಲ್ ಟೂವಾಳನ್ನು ಪಕ್ಕಕ್ಕೆ ಕರೆದಳು. "ಬೇರೆ ಕಂಪನಿಯವರು ಅವನನ್ನ ಕರೀತಿದ್ದಾರೆ. ನಮ್ಮ ಹೆಸರು ಕೆಡಿಸಿ ಹೊರಡೋ ಯೋಚನೆ ಅವನದ್ದು. ನಿನ್ನನ್ನ ಬಳಸಿಕೊಂಡ, ಪಾಪ."

ಟೂವಾಳ ಕಿವಿಯಲ್ಲಿ ಆ ನಗುವೇ ಗುಂಯ್‌ಗುಡುತ್ತಿತ್ತು. ಹಾಲ್ವರ್ ಹತ್ತಿರ ಬಂದಾಗ ಅವಳು ಹಿಂದೆ ಸರಿದಳು.

"ನೀರಲ್ಲಿ ಏನಿದೆ ಅಂತ ಸ್ವಲ್ಪ ಕೇಳು..."

"ಮುಟ್ಟಬೇಡ ನನ್ನ. ನಿನ್ನ ತೊಟ್ಟಿ ನೋಡಿ ವಾಂತಿ ಆಗಿತ್ತು. ಈಗ ನಿನ್ನನ್ನ ನೋಡಿದ್ರೇ ಹೇಸಿಗೆ ಆಗುತ್ತೆ."

ಅವನ ಮುಖ ಸುಣ್ಣದಂತಾಯಿತು. "ಸರಿ. ಆ ನೀರಿಗೆ ನೀರುಚಿಗಟ ಬಿಟ್ಟು ನೋಡು. ಅಷ್ಟೇ." ಅಷ್ಟು ಹೇಳಿ ಹೊರಟುಹೋದ. ಗುನೆಲ್ ಅವನನ್ನು ಅಂದೇ ಕೆಲಸದಿಂದ ತೆಗೆದಳು.

ಅವನ ಸುಳ್ಳನ್ನು ಬಯಲು ಮಾಡಲೆಂದೇ ಟೂವಾ ಆ ಪರೀಕ್ಷೆಗೆ ಕೂತಳು. ನೀರುಚಿಗಟಗಳೆಂದರೆ ಕೆರೆ ಹೊಳೆಗಳಲ್ಲಿ ಈಜಾಡುವ, ಸಾಸಿವೆಯಷ್ಟು ಸಣ್ಣ ಜೀವಗಳು. ನೀರಿನಲ್ಲಿ ಒಂಚೂರು ವಿಷವಿದ್ದರೂ ತಾಳವು. ಸಂಜೆ ಬಿಟ್ಟವಳು ಮರುದಿನ ಬಂದು ನೋಡಿದಳು.

ಒಂದೂ ಉಳಿದಿರಲಿಲ್ಲ. ಎಲ್ಲ ತಳಕ್ಕೆ ಬಿದ್ದು ಬೆಳ್ಳಗಾಗಿದ್ದವು.

ಅಣಬೆ ಬಣ್ಣವನ್ನು ಮುರಿದಿತ್ತು. ಮುರಿದ ಚೂರುಗಳಲ್ಲಿ ವಿಷ ಇನ್ನೂ ಜೀವಂತವಾಗಿತ್ತು. ತಾನು ಅಳೆದದ್ದು ಬರೀ ಬಣ್ಣವನ್ನು... ಕಣ್ಣಿಗೆ ತಿಳಿಯಾಗಿ ಕಂಡದ್ದಕ್ಕೆ ಮರುಳಾಗಿ, ಅದನ್ನೇ ಹೊಳೆಗೆ ಬಿಡಲು ಒಪ್ಪಿಕೊಂಡಿದ್ದಳು. ಟೂವಾಗೆ ಜೀವನದಲ್ಲಿ ಮೊದಲ ಸಲ ತನ್ನ ಮೇಲೆಯೇ ಅಸಹ್ಯ ಹುಟ್ಟಿತು.

ಅವಳು ನೇರ ಕಾರ್ಖಾನೆಗೆ ಹೋಗಿ ಹೊಳೆಗೆ ಹೋಗುವ ಕೊಳವೆ ಮುಚ್ಚಿಸಿದಳು.

"ನಿನ್ನ ಕೆಲಸ ಉಳಿಯಲ್ಲ, ನೋಡ್ತಿರು," ಎಂದಳು ಗುನೆಲ್.

"ಹೋಗ್ಲಿ. ಮೊದಲು ನಿನ್ನ ಕೊಳವೆ ನೋಡ್ಕೋ."

ಹಾಲ್ವರ್ ತನ್ನ ಅಕ್ಕನ ಕುದುರೆ ಲಾಯದಲ್ಲಿದ್ದ. ಲದ್ದಿಯ ವಾಸನೆಯ ನಡುವೆ ಒಣಹುಲ್ಲಿನ ಚೀಲಗಳಲ್ಲಿ ಅಣಬೆ ಬೆಳೆಸುತ್ತಿದ್ದ. ಅವಳನ್ನು ಕಂಡರೂ ಕೈಕೆಲಸ ನಿಲ್ಲಿಸಲಿಲ್ಲ.

"ಚಿಗಟ ಸತ್ತವು," ಅಂದಳು ಟೂವಾ.

"ಗೊತ್ತು. ಸಮಾರಂಭದ ದಿನ ಬೆಳಗ್ಗೆ ನಾನು ಬಿಟ್ಟವೂ ಸತ್ತಿದ್ವು. ಗುನೆಲ್‌ಗೆ ಹೇಳಿದೆ. ಬಾಯಿ ಮುಚ್ಕೊಂಡಿರು ಅಂದಳು. ನಿನ್ನ ಹುಡುಕ್ಕೊಂಡು ಬರೋಷ್ಟರಲ್ಲಿ ಲೋಟ ನಿನ್ನ ತುಟಿಗೆ ಹೋಗಿತ್ತು."

"ನಾನು ಅಂದ ಮಾತು..."

"ಅದ್ರಿಂದ ನೋವಾಯ್ತು." ಅವನು ಚೀಲದ ಬಾಯಿ ಕಟ್ಟುತ್ತಲೇ ಅಂದ. "ನಾತಕ್ಕೆ ಬೈದಿದ್ರೆ ನಗ್ತಿದ್ದೆ. ಆದ್ರೆ ಮೋಸಗಾರ ಅಂದ್ಕೊಂಡೆಯಲ್ಲ."

ಟೂವಾ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ತೋಳು ಮಡಚಿ, ಅವನ ಪಕ್ಕದಲ್ಲಿ ಲದ್ದಿಯ ನೆಲದ ಮೇಲೆಯೇ ಕೂತಳು.

"ತಪ್ಪಾಯ್ತು ಹಾಲ್ವರ್. ಇದನ್ನ ಹೇಗೆ ಕಟ್ಟಬೇಕು, ತೋರಿಸು."

ಅವನು ಕಟ್ಟುತ್ತಿದ್ದ ಚೀಲವನ್ನು ಬಿಚ್ಚಿದ. ಆಮೇಲೆ ದಾರದ ತುದಿಯನ್ನು ಅವಳ ಬೆರಳಿಗೆ ಕೊಟ್ಟ.

ಕೊಳವೆ ಮುಚ್ಚಿದ ಮೇಲೆ ಕಾರ್ಖಾನೆಯೂ ನಿಂತಿತು. ಗುನೆಲ್ ಮೂಗು ಮುಚ್ಚಿಕೊಂಡು ಲಾಯಕ್ಕೆ ಬಂದು ಹಾಲ್ವರನನ್ನು ಮತ್ತೆ ಕರೆದಳು. ಅವನು ಎರಡನೆಯ ತೊಟ್ಟಿ ಕೇಳಿದ. ಅಣಬೆ ಮುರಿದ ಚೂರುಗಳನ್ನು ಅಲ್ಲಿ ಬೇರೆ ಸೂಕ್ಷ್ಮಜೀವಿಗಳು ತಿನ್ನಬೇಕಿತ್ತು. ಬೇಸಿಗೆಯೆಲ್ಲ ಅದೇ ಕೆಲಸ. ಎರಡು ಸಲ ಸೋತರು. ಒಮ್ಮೆ ಅಣಬೆಯೇ ಕೊಳೆತು, ಅರ್ಧ ಊರು ಕಿಟಕಿ ಮುಚ್ಚಿಕೊಂಡಿತು.

ಬರ್ಚ್ ಎಲೆ ಹಳದಿಯಾಗುವ ಹೊತ್ತಿಗೆ, ಒಂದು ಬೆಳಗ್ಗೆ ಟೂವಾ ಮಸೂರದೊಳಗೆ ಕಣ್ಣಿಟ್ಟಳು. ಎರಡನೆಯ ತೊಟ್ಟಿಯ ನೀರಿನಲ್ಲಿ ಚಿಗಟಗಳೆಲ್ಲ ಕುಣಿಯುತ್ತಿದ್ದವು. ಒಂದರ ಬೆನ್ನಿನೊಳಗೆ ಮೊಟ್ಟೆಗಳೂ ಇದ್ದವು.

"ಹಾಲ್ವರ್... ಬದುಕಿವೆ."

ಅವನು ಬಗ್ಗಿ ನೋಡಿದ. ಅವರ ಕೆನ್ನೆಗಳು ತಾಗಿದವು. ಯಾರೂ ಸರಿಯಲಿಲ್ಲ.

"ನಿನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ," ಅಂದಳು ಅವಳು, ಮಸೂರದಿಂದ ಕಣ್ಣು ತೆಗೆಯದೆ.

"ನನಗೂ ಅಷ್ಟೇ. ಹೇಳೋಕೆ ಧೈರ್ಯ ಇರಲಿಲ್ಲ. ಯೋಚನೆ ಮಾಡು ಟೂವಾ, ನನ್ನ ಕಟ್ಕೊಂಡ್ರೆ ಮನೆಯೂ ಹೀಗೇ ನಾರುತ್ತೆ."

"ಕಿಟಕಿ ತೆಗೆದಿಡೋಣ."

"ಚಳಿಗಾಲದಲ್ಲಿ?"

ಅವಳು ಅವನ ಲೋಳೆಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಚಳಿಗಾಲದಲ್ಲಿ ಇನ್ನಷ್ಟು ಹತ್ತಿರ ಕೂರೋಣ."